ಅಂಬಾರಾಯನ ಮೂಗು
ಆಳಂದದ ಜಾಗೀರದಾರರ ವಾಡೆಯಲ್ಲಿ ಹಳೆಯ ವಿಲಾಯತಿ ವಿಸ್ಕಿಯ ಬಿರಡೆ ತೆಗೆದರೆ ಮೊದಲು ಬರಬೇಕಾದವನು ಅಂಬಾರಾಯ. ಅವನೋ ಜಿಡಗಾ ಮಠದಲ್ಲಿ ಆಣೆ ಮಾಡಿದವನು, ಹನಿಯನ್ನೂ ನಾಲಿಗೆಗೆ ತಾಗಿಸುವವನಲ್ಲ. ಅಂಗೈಗೆ ಎರಡು ಹನಿ ಹಾಕಿಸಿಕೊಂಡು, ಉಜ್ಜಿ, ಕಣ್ಣು ಮುಚ್ಚಿ ಮೂಸುತ್ತಾನೆ. ಹೈದರಾಬಾದಿನ ಮೆಹಮಾನರು ಗ್ಲಾಸು ಹಿಡಿದು ಕಾಯುತ್ತಾರೆ. "ಹಸಿ ಕಂಬಳಿ, ಹುರಿದ ಶೇಂಗಾ, ಹಳೇ ಬೆಲ್ಲ. ನಲವತ್ತು ವರ್ಷದ್ದದ್ರಿ, ಸರಕಾರ" ಎಂದರೆ ಅದೇ ತೀರ್ಪು, ಬಾಟಲಿಯ ಚೀಟಿ ಬೇರೆ ಹೇಳಿದರೆ ಚೀಟಿಯದೇ ತಪ್ಪು. ಅವನಿಗೆ ನೆಗಡಿಯಾದ ದಿನ ವಾಡೆಯಲ್ಲಿ ಯಾರೂ ಕುಡಿಯುವುದಿಲ್ಲ. ಇಷ್ಟಕ್ಕೆಲ್ಲ ಅವನು ಕೇಳುವುದು ಖಾಲಿ ಬಾಟಲಿ ಮಾತ್ರ. ಆ ಬಾಟಲಿಗಳ ತುಂಬ ಅಪ್ಪನ ಹೊಲದ ಜೋಳದ ಬೀಜ. ಹೊಲ ಕೈಬಿಟ್ಟು ಹದಿನೆಂಟು ವರ್ಷವಾಯಿತು. ಪ್ರತಿವರ್ಷ ವಾಡೆಯ ಹಿತ್ತಲಲ್ಲಿ ಒಂದಿಷ್ಟು ಬಿತ್ತಿ, ಬೀಜವನ್ನು ಹೊಸದು ಮಾಡಿಕೊಳ್ಳುತ್ತ ಬಂದಿದ್ದಾನೆ. ಈ ಸಲ ಮಟಕಿ ಊರಲ್ಲಿ ಎರಡು ಎಕರೆ ಹೊಲ ಪಾಲಿಗೆ ಮಾಡಲು ಸಿಕ್ಕಿದೆ. "ಇದ್ದದ್ದೆಲ್ಲ ಬಿತ್ತಿದ ಮ್ಯಾಲ ಮಳಿ ಕೈಕೊಟ್ರ? ಇನ್ನೊಂದ ವರ್ಷ ನೋಡೂಣ್ರಿ" ಎಂದಳು ಹೆಂಡತಿ ನಿಂಬೆವ್ವ. ಅಂಬಾರಾಯ ಒಂದು ಬಾಟಲಿಯ ಬಿರಡೆ ತೆಗೆದು, ಕಣ್ಣು ಮುಚ್ಚಿ ಮೂಸಿದ. "ಇದು ಇಟ್ಟಷ್ಟೂ ರುಚಿ ಆಗೋ ಮಾಲಲ್ಲ," ಎಂದ. "ನಾಳೆ ಬಿತ್ತೂಣು."