ಗೌರವ್ವನ ಖಾನಾವಳಿಯಲ್ಲಿ ಗಂಟಲು ಕಟ್ಟಿದ ಮಧ್ಯಾಹ್ನ

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಒಳಗೊಳಗೇ ನಕ್ಕವನು. ನನ್ನ ಕೆಲಸವೂ ಅಂಥದ್ದೇ. ಹೊಸಪೇಟೆಯ ಒಂದು ಲ್ಯಾಬಿನಲ್ಲಿ ಗಣಿಗಳಿಂದ ಬರುವ ಅದಿರಿನ ಸ್ಯಾಂಪಲ್ ಪರೀಕ್ಷೆ ಮಾಡುತ್ತೇನೆ. ಕಲ್ಲನ್ನು ಪುಡಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಬರೆದು ಕೊಡುವುದು. ಒಂದೇ ಸ್ಯಾಂಪಲ್ಲನ್ನು ಎರಡು ಸಲ ಮಾಡುತ್ತೇನೆ, ಎರಡೂ ಸಲ ಅದೇ ಉತ್ತರ ಬಂದರೆ ಮಾತ್ರ ಸಹಿ. ಈಗ ಹೇಳಹೊರಟಿರುವುದು ಒಂದೇ ಸಲ ಆದದ್ದು. ನಂಬಿ ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ, ಅಷ್ಟೆ.

ನನ್ನ ಹೆಂಡತಿ ಸಂಡೂರಿನ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಬರುವುದು ಸಂಜೆಗೇ. ಹಾಗಾಗಿ ಎಷ್ಟೋ ವರ್ಷಗಳಿಂದ ನನ್ನ ಮಧ್ಯಾಹ್ನದ ಊಟ ನಮ್ಮ ಓಣಿಯ ಗೌರವ್ವನ ಖಾನಾವಳಿಯಲ್ಲಿ. ಮನೆಯ ಮುಂದಿನ ಪಡಸಾಲೆಯಲ್ಲಿ ಐದು ಟೇಬಲ್ಲು, ಒಳಗೆ ಅಡುಗೆಮನೆ. ಅರವತ್ತು ದಾಟಿದ ಗೌರವ್ವ, ಅವರ ನಾದಿನಿ, ಇಬ್ಬರೇ ರೊಟ್ಟಿ ಬಡಿಯುವವರು, ಇಬ್ಬರೇ ಬಡಿಸುವವರು. ಬೋರ್ಡಿಲ್ಲ, ಮೆನು ಇಲ್ಲ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ ಸಾರು. ಗೌರವ್ವ ಬಂದವರ ಮುಖ ನೋಡಿಯೇ ಬಡಿಸುತ್ತಾರೆ. "ಯಾಕ್ರಿ ಸರ, ಮಾರಿ ಬಾಡೇತಿ? ಕುಂದ್ರಿ, ಮೊದ್ಲ ಮಜ್ಜಿಗಿ ಕುಡೀರಿ" ಎಂದು ಲೋಟ ಮುಂದಿಟ್ಟರೆ ಬೇಡ ಅನ್ನುವ ಹಾಗಿಲ್ಲ.

ಇನ್ನು ನನ್ನ ಅಕ್ಕನ ವಿಷಯ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಮ್ಮವ್ವ ತೀರಿಕೊಂಡಾಗ ನನಗೆ ಐದು ವರ್ಷ. ಆಮೇಲೆ ನನ್ನ ಬಾಯಿಗೆ ತುತ್ತಿಟ್ಟವಳು ಅಕ್ಕ. ಮದುವೆಯಾಗಿ ಕಂಪ್ಲಿಗೆ ಹೋಗುವಾಗ ನನ್ನನ್ನೂ ಜೊತೆಗೇ ಕರೆದುಕೊಂಡು ಹೋದಳು. ಅಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಭಾವ ಒಂದು ಮಾತೂ ಆಡದೆ ನನ್ನನ್ನು ಓದಿಸಿದರು. ಅವರಿಗೆ ಮಕ್ಕಳಾಗಲಿಲ್ಲ. ಆರೇಳು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಭಾವ ಅಂಗಡಿಗೆ ಬಾಗಿಲು ಹಾಕಿ ಅವಳ ಮಗ್ಗುಲಲ್ಲೇ ಕೂತರು. ನಾನು ವಾರಕ್ಕೊಮ್ಮೆ ಹೋಗಿ, ಅವಳ ಪಕ್ಕ ಒಂದಿಷ್ಟು ಹೊತ್ತು ಕೂತು, ಏನೂ ಮಾಡಲಾಗದೆ ಎದ್ದು ಬರುತ್ತಿದ್ದೆ. ಅವಳಿಗೆ ಏನು ಬೇಕು, ಎಲ್ಲಿ ನೋಯುತ್ತಿದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಕಣ್ಣುಗಳು ಮಾತ್ರ ನಮ್ಮ ಹಿಂದೆಯೇ ತಿರುಗುತ್ತಿದ್ದವು.

ಅವತ್ತು ಬೇಸಿಗೆಯ ಒಂದು ದಿನ. ಒಂದೂವರೆ ಗಂಟೆಗೆ ಎಂದಿನಂತೆ ಖಾನಾವಳಿಗೆ ಹೋಗಿ ಕೂತೆ. ಗೌರವ್ವ ರೊಟ್ಟಿ, ಎಣ್ಣೆಗಾಯಿ ಹಾಕಿದರು. ರೊಟ್ಟಿ ಮುರಿದು, ಎಣ್ಣೆಗಾಯಿಗೆ ಹಚ್ಚಿ ಬಾಯಿಗಿಟ್ಟೆ. ಖಾರ ಇಲ್ಲ, ಉಪ್ಪಿಲ್ಲ. ಬಾಯಿ ತುಂಬ ಹಾಲಿನ ರುಚಿ. ಮೆತ್ತಗೆ ಕಲಸಿದ ಹಾಲನ್ನದ ರುಚಿ. ಅದರ ಹಿಂದೆಯೇ ನಾಲಿಗೆಯ ಮೇಲೆ ಕಹಿ, ಗುಳಿಗೆಯನ್ನು ಅಗಿದರೆ ಆಗುತ್ತದಲ್ಲ, ಆ ಥರದ ಕಹಿ. ಅಗಿಯುತ್ತಿದ್ದದ್ದು ರೊಟ್ಟಿಯೇ, ಅದು ಹಲ್ಲಿಗೆ ಗೊತ್ತಾಗುತ್ತಿತ್ತು. ನಾಲಿಗೆಗೆ ಮಾತ್ರ ಬೇರೇನೋ. ಚಟ್ನಿ ಮುಟ್ಟಿದೆ, ಅದೂ ಹಾಲನ್ನ. ಒಂದು ಹಸಿ ಉಳ್ಳಾಗಡ್ಡಿ ಕಡಿದೆ, ಅದೂ ಹಾಲನ್ನ.

ನಾನು ಕೈ ನಿಲ್ಲಿಸಿದ್ದನ್ನು ಗೌರವ್ವ ನೋಡಿದರು.

"ಯಾಕ್ರಿ ಸರ, ಪಲ್ಯ ಚಲೋ ಆಗಿಲ್ಲೇನ್ರಿ?"

"ಉಪ್ಪು ಹಾಕೀರಿಲ್ಲೋ?" ಎಂದೆ.

ಅವರಿಗೆ ಸಿಟ್ಟೇ ಬಂತು. ಪಕ್ಕದ ಟೇಬಲ್ಲಿನಲ್ಲಿ ಉಣ್ಣುತ್ತಿದ್ದ ಗಾದಿಗನೂರಿನ ಲಾರಿ ಡ್ರೈವರನ್ನು ಕೇಳಿದರು. ಆತ, "ಮಸ್ತ್ ಐತ್ರಿ ಅವ್ವ" ಎಂದು ಇನ್ನಷ್ಟು ಹಾಕಿಸಿಕೊಂಡ. ನನಗೇ ಏನೋ ಆಗಿದೆ, ಬಿಸಿಲಿಗೆ ಪಿತ್ತ ಏರಿರಬೇಕು ಅಂದುಕೊಂಡೆ. ಹಾಲನ್ನ ಅಂದಾಕ್ಷಣ, ಲಕ್ವ ಹೊಡೆದಾಗಿನಿಂದ ಅದನ್ನೇ ಉಣ್ಣುವ ಅಕ್ಕನ ನೆನಪಾದದ್ದು ನಿಜ. ಆದರೆ ಆ ಯೋಚನೆಯನ್ನು ನಾನೇ ದೂಡಿ, ನೀರು ಕುಡಿದು ಬಾಯಿ ಚೊಕ್ಕ ಮಾಡಿಕೊಂಡೆ.

ಬಾಯಲ್ಲಿ ಆಗ ಏನೇನೂ ಇರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಖಾಲಿ ಬಾಯಿ. ಆಗ ಗಂಟಲು ಕಟ್ಟಿತು. ಮೆತ್ತನೆಯ ಏನೋ ಬಂದು ಒಳಗೆ ಅಡ್ಡ ಕೂತಂತೆ. ಕೆಮ್ಮಲು ನೋಡಿದೆ, ಕೆಮ್ಮು ಬರಲಿಲ್ಲ. ಉಸಿರು ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ. ಎದ್ದು ನಿಲ್ಲಬೇಕೆಂದರೆ ಬಲಗಾಲು ಏಳಲಿಲ್ಲ. ಕೂಗಬೇಕೆಂದರೆ ದನಿ ಇಲ್ಲ. ಎದುರಿಗೆ ಜನ ಉಣ್ಣುತ್ತಿದ್ದಾರೆ, ಯಾರೋ ನಗುತ್ತಿದ್ದಾರೆ, ನಾನು ಎಲ್ಲರನ್ನೂ ನೋಡುತ್ತ ಸಾಯುತ್ತಿದ್ದೇನೆ. ಎಡಗೈಯಿಂದ ಟೇಬಲ್ ಬಡಿದೆ. ಲೋಟ ಉರುಳಿ ಬಿತ್ತು.

ಗೌರವ್ವ ರೊಟ್ಟಿ ಬಡಿಯುತ್ತಿದ್ದವರು ಹಾಗೇ ಓಡಿ ಬಂದರು. "ನೆತ್ತಿಗೇರೇತಿ! ಬಗ್ಗ್ರಿ, ಮುಂದ ಬಗ್ಗ್ರಿ!" ಎಂದು ಹಿಟ್ಟಿನ ಕೈಯಿಂದ ನನ್ನ ಬೆನ್ನಿಗೆ, ಎರಡು ಹೆಗಲೆಲುಬುಗಳ ನಡುವೆ, ದಬದಬ ಗುದ್ದಿದರು. ನಾಲ್ಕನೆಯದೋ ಐದನೆಯದೋ ಏಟಿಗೆ ಗಂಟಲು ಬಿಟ್ಟಿತು. ಉಸಿರು ಬಂತು.

"ಉಗುಳ್ರಿ, ಉಗುಳಿಬಿಡ್ರಿ" ಎಂದು ತಟ್ಟೆ ಹಿಡಿದರು. ಉಗುಳಲು ಏನೂ ಇರಲಿಲ್ಲ. ಗೌರವ್ವ ನನ್ನ ಬಾಯಿ ನೋಡಿದರು, ತಟ್ಟೆ ನೋಡಿದರು. "ಏನೂ ಬರ್ಲಿಲ್ಲಲ್ರಿ ಸರ, ಎಲ್ಲಿ ಹೋತು ಅದು?"

ನಾನು ಭಾವನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಅವರ ನೆರೆಮನೆಯವರ ನಂಬರ್ ನನ್ನಲ್ಲಿರಲಿಲ್ಲ, ಅದನ್ನು ಇಷ್ಟು ದಿನ ಕೇಳಿ ಇಟ್ಟುಕೊಳ್ಳದ ನನ್ನನ್ನೇ ಬೈದುಕೊಂಡೆ. ಲ್ಯಾಬಿಗೆ ಹೋಗಲಿಲ್ಲ, ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಪ್ಲಿ ಬಸ್ ಹತ್ತಿದೆ. ಕಮಲಾಪುರ ದಾಟಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ರಸ್ತೆ ತುಂಬ ಅಡ್ಡ. ಡ್ರೈವರ್ ಹಾರನ್ ಹೊಡೆಯುತ್ತಲೇ ಇದ್ದ. ನಾನು ಫೋನ್ ಒತ್ತುತ್ತಲೇ ಇದ್ದೆ. ಆ ಒಂದು ಗಂಟೆಯಲ್ಲಿ ನಾನೆಷ್ಟು ನಿರುಪಾಯನಾಗಿದ್ದೆ ಅಂದರೆ, ಆವರೆಗೆ ಒಮ್ಮೆಯೂ ಕೈ ಮುಗಿಯದ ದೇವರಿಗೆಲ್ಲ ಮುಗಿದೆ.

ಕಂಪ್ಲಿಯಲ್ಲಿ ಭಾವ ಮನೆಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಅಂಗಿಯ ಮೇಲೆಲ್ಲ ಹಾಲು ಚೆಲ್ಲಿತ್ತು. ನನ್ನನ್ನು ಕಂಡು, "ನಿನಗ ಯಾರ್ ಹೇಳಿದ್ರೋ?" ಎಂದರು.

ಒಳಗೆ ಅಕ್ಕ ದಿಂಬಿಗೊರಗಿ ಮಲಗಿದ್ದಳು. ಎದೆ ಏರಿಳಿಯುತ್ತಿತ್ತು. ಅದನ್ನು ನೋಡಿದ ಮೇಲೆ ನಾನು ಕೂತೆ.

ಭಾವ ಹೇಳಿದ್ದು ಇಷ್ಟು. ಒಂದೂವರೆ ದಾಟಿತ್ತು. ಹಾಲನ್ನ ತಿನ್ನಿಸುತ್ತಿದ್ದರು. ಗುಳಿಗೆ ಹಾಗೇ ಕೊಟ್ಟರೆ ನುಂಗುವುದಿಲ್ಲವೆಂದು ಎರಡು ದಿನದಿಂದ ಪುಡಿ ಮಾಡಿ ಅದರಲ್ಲೇ ಕಲಸುತ್ತಿದ್ದರಂತೆ. ಇದು ನನಗೆ ಗೊತ್ತಿರಲಿಲ್ಲ. ಒಂದು ತುತ್ತು ಗಂಟಲಿಗೆ ಸಿಕ್ಕಿಕೊಂಡಿತು. ಅಕ್ಕನ ಮುಖ ಕಪ್ಪಾಗತೊಡಗಿತು.

"ನಾ ಹೆದರಿ ಕಲ್ಲಾಗಿ ನಿಂತುಬಿಟ್ಟೆ. ಸುಳ್ಳು ಹೇಳಲ್ಲಪ್ಪ, ಏನೂ ಮಾಡ್ಲಿಲ್ಲ. ಕೈಕಾಲೇ ಬರ್ಲಿಲ್ಲ ನನಗ. ಅಷ್ಟರಾಗ ಅಕಿ ಹಿಂದಿಂದ ಯಾರೋ ಗುದ್ದಿದಂಗ ಮುಂದ ಬಗ್ಗಿದ್ಲು. ಒಂದ್ಸಲ ಅಲ್ಲ, ನಾಕೈದ್ ಸಲ. ತುತ್ತು ಹೊರಗ ಬಂದು ನನ್ನ ಮ್ಯಾಲ ಬಿತ್ತು. ಅಕಿ ಹಿಂದ ಗ್ವಾಡಿ ಬಿಟ್ರ ಏನೂ ಇಲ್ಲ."

ಆಮೇಲೆ ಫೋನ್ ಕೇಳಿಸಿತಂತೆ. ಅದನ್ನು ಎತ್ತದೆ ಅಕ್ಕನ ಬಾಯಿ ಒರೆಸುತ್ತ ಕೂತರಂತೆ.

ಸಂಜೆ ಅಕ್ಕ ಕಣ್ಣು ಬಿಟ್ಟಳು. ನಾನು ಮಂಚದ ಅಂಚಿಗೆ, ಅವಳಿಗೆ ಬೆನ್ನಾಗಿ ಕೂತು ಭಾವನಿಗೆ ಚಹಾ ಸೋಸುತ್ತಿದ್ದೆ. ಬೆನ್ನಿಗೆ ಕೈ ತಾಗಿತು. ಅಕ್ಕ ತನ್ನ ಎಡಗೈಯಿಂದ ನನ್ನ ಬೆನ್ನು ಸವರುತ್ತಿದ್ದಳು. ಗೌರವ್ವನ ಏಟು ಬಿದ್ದ ಜಾಗವನ್ನೇ. ಚಿಕ್ಕವನಿದ್ದಾಗ ಸುಮ್ಮನೆಯೂ ಹಾಗೆ ಸವರುತ್ತಿದ್ದಳು, ಆದ್ದರಿಂದ ಅದಕ್ಕೆ ಅರ್ಥ ಹಚ್ಚಲು ನನಗೆ ಧೈರ್ಯ ಬರಲಿಲ್ಲ. ಕೇಳಿದರೆ ಹೇಳಲು ಅವಳಿಗೆ ಮಾತಿರಲಿಲ್ಲ.

ಆ ರಾತ್ರಿಯೇ ಭಾವನಿಗೆ ಎಲ್ಲ ಹೇಳಿದೆ. ಮರುದಿನ ಗೌರವ್ವನಿಗೂ ಹೇಳಿದೆ. ಗೌರವ್ವ ತಮ್ಮ ಅಂಗೈ ನೋಡಿಕೊಂಡರು. "ಸರ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಜನ ಊಟಕ್ಕ ಬರೂದು ಬಿಟ್ಟು ಬ್ಯಾರೇದಕ್ಕ ಬರಾಕ ಹತ್ತತಾರ. ನನಗ ರೊಟ್ಟಿ ಬಿಟ್ರ ಏನೂ ಬರಂಗಿಲ್ಲ" ಎಂದು ಒಳಗೆ ಹೋದರು. ಅವರು ಈಗಲೂ ಇದ್ದಾರೆ, ಅದಕ್ಕೇ ಹೆಸರು ಬದಲಿಸಿ ಬರೆದಿದ್ದೇನೆ.

ಅಲ್ಲಿಂದ ಮುಂದೆ ನನ್ನ ಊಟ ಅಕ್ಕನ ಊಟದ ಹೊತ್ತಿಗೇ ಆಗುವಂತೆ ನೋಡಿಕೊಂಡೆ. ದಿನಾ ಒಂದೂವರೆಗೆ ಕೂತು, ಪ್ರತಿ ತುತ್ತನ್ನೂ ಲ್ಯಾಬಿನಲ್ಲಿ ಸ್ಯಾಂಪಲ್ ನೋಡುವ ಹಾಗೆ ನಾಲಿಗೆಯ ಮೇಲಿಟ್ಟು ಕಾಯುತ್ತಿದ್ದೆ. ಅವಳ ಬಾಯಿಯ ರುಚಿಯಾದರೂ ನನಗೆ ಗೊತ್ತಾದರೆ, ಏನು ಬೇಕು ಏನು ಬೇಡ ಎಂದು ಭಾವನಿಗೆ ಹೇಳಬಹುದಲ್ಲ ಎಂಬ ಆಸೆ. ಒಂದು ದಿನವೂ ಏನೂ ಬರಲಿಲ್ಲ. ತಿಂಗಳುಗಳು ಕಳೆದವು. ಕಾಯುವುದೂ ನಿಧಾನಕ್ಕೆ ಬಿಟ್ಟುಹೋಯಿತು.

ಮುಂದಿನ ಚಳಿಗಾಲದಲ್ಲಿ ಅಕ್ಕ ಹೋದಳು. ಅದೇ ಹೊತ್ತು, ಅದೇ ಹಾಲನ್ನ, ಅದೇ ಗಂಟಲು. ಈ ಸಲ ಭಾವ ಹೆದರಿ ನಿಲ್ಲಲಿಲ್ಲ. ನಾನು ತೋರಿಸಿಕೊಟ್ಟ ಹಾಗೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದರು. ತುತ್ತು ಬರಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಭಾವ ನನ್ನನ್ನು ಹಿತ್ತಲಿಗೆ ಕರೆದರು. ಜನರೆಲ್ಲ ಮುಂದೆ ಇದ್ದರು.

"ನಿನಗ ಏನಾರ ಗೊತ್ತಾತೇನು?" ಎಂದು ಕೇಳಿದರು. "ನಾ ಇಲ್ಲಿ ಗುದ್ದತಾ ಇದ್ದೆ. ಅಲ್ಲಿ ಗೌರವ್ವನೂ ನಿನಗ ಗುದ್ದತಿರ್ತಾಳ, ಇಬ್ರೂ ಸೇರಿದ್ರ ಬರ್ತದ ಬರ್ತದ ಅಂತ ಬಿಡ್ಲಿಲ್ಲ ನಾನು."

ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅಕ್ಕನ ಉಸಿರು ನಿಂತ ಆ ಹೊತ್ತಿಗೆ ನಾನು ಖಾನಾವಳಿಯಲ್ಲಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದೆ. ಹೆಂಚಿನಿಂದ ಆಗಷ್ಟೇ ತೆಗೆದದ್ದು. ಬಹಳ ರುಚಿಯಾಗಿತ್ತು.