ಮೇಸ್ತ್ರಿ ನಿಲ್ಲುತ್ತಿದ್ದ ಜಾಗ

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಹಾಸನದ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದಾಗ ನನ್ನ ಕೆಮ್ಮು ಕೇಳಿದರೆ ಸಾಕು, ಹುಡುಗರು ಬೆಂಚಿನ ಮೇಲೆ ನೆಟ್ಟಗಾಗುತ್ತಿದ್ದರು. ಅದನ್ನು ನಾನು ಗೌರವ ಅಂದುಕೊಂಡಿದ್ದೆ. ಬರ್ಮಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಸಭೆಯ ಪಾದ್ರಿಗಳಾದ ಹಿರಿಯ ಅಯ್ಯನವರು ಒಂದು ದಿನ ನನ್ನನ್ನು ಕರೆಸಿ, "ನಿಮ್ಮ ತಾಯಿ ಕೋಲಾರದ ಕಡೆಯವರಲ್ಲವೇ? ಮನೆಯಲ್ಲಿ ತೆಲುಗು ಆಡ್ತೀರಲ್ಲವೇ?" ಎಂದು ಕೇಳಿದರು. ಹೌದೆಂದೆ. ಅಷ್ಟಕ್ಕೇ ನನ್ನ ಕೊರಳಿಗೊಂದು ಹೊಸ ಕೆಲಸ ಬಿತ್ತು.

ರಂಗೂನಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ತೆಲುಗರು ಬಾಂಬು ಬಿದ್ದಾಗ ಕಾಡು ಬೆಟ್ಟ ಹತ್ತಿಳಿದು ನಡೆದುಕೊಂಡು ಬಂದಿದ್ದರು. ಹುಟ್ಟಿದ ಊರಿನಲ್ಲಿ ಅವರಿಗೆ ತುಂಡು ನೆಲವೂ ಇರಲಿಲ್ಲ. ಅಂಥವರಲ್ಲಿ ಕೆಲವು ಕ್ರೈಸ್ತ ಕುಟುಂಬಗಳಿಗೆ ನಮ್ಮ ಕಡೆ ಬೀಳು ಜಮೀನು ಕೊಟ್ಟು ನೆಲೆ ಮಾಡಿಸಿದ್ದರು. ಅರಕಲಗೂಡಿನ ಹತ್ತಿರ ಒಂದಿಷ್ಟು ಮನೆ, ಹೊಳೆನರಸೀಪುರದ ಹತ್ತಿರ ಒಂದಿಷ್ಟು, ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆ ದೊಡ್ಡ ಗುಂಪು. ಒಂದೊಂದು ನೆಲೆಯವರೂ ತಮ್ಮಲ್ಲಿ ಒಬ್ಬನನ್ನು ಆರಿಸಬೇಕು, ನಾನು ಅವನಿಗೆ ತೆಲುಗಿನಲ್ಲೇ ಕಲಿಸಿ ಆರಾಧನೆ ನಡೆಸಬಲ್ಲ ಉಪದೇಶಿಯನ್ನಾಗಿ ಮಾಡಬೇಕು. "ವರ್ಷದ ಕೊನೆಗೆ ನಾನೇ ಬಂದು ನೋಡ್ತೇನೆ. ಅವರ ಕೈಲಿ ಆಗದಿದ್ದರೆ ಇಲ್ಲಿಂದ ಕನ್ನಡದ ಉಪದೇಶಿಯನ್ನು ಕಳಿಸೋಣ" ಎಂದರು ಅಯ್ಯನವರು. ಆ ಜನಕ್ಕೆ ಕನ್ನಡ ತಿಳಿಯದು. ಹಾಗೇನಾದರೂ ಆದರೆ ಅವರು ಪ್ರತಿ ಭಾನುವಾರ ಅರ್ಥವಾಗದ ಮಾತು ಕೇಳುತ್ತ ಸುಮ್ಮನೆ ಕೂರಬೇಕಿತ್ತು.

ತಿಂಗಳಿಗೊಮ್ಮೆ ಶುಕ್ರವಾರ ಹೊರಟು ಭಾನುವಾರದ ತನಕ ದಂಡಿಗನಹಳ್ಳಿ ಕಡೆಯ ನೆಲೆಯಲ್ಲಿ ಪಾಠ. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಗ್ಯಾಸಿನಿಂದ. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು. ಮುಖಕ್ಕೆ ಮಸಿ ಬಳಿದುಕೊಂಡು ಮೊದಲ ಸಲ ಅಲ್ಲಿಗೆ ಹೋಗಿ ನಾಲ್ಕು ಮಾತಾಡಿದೆ ನೋಡಿ, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಮ್ಮನಿಂದ ನಾನು ಕಲಿತದ್ದು ಬೈಯುವ ತೆಲುಗು, ಊಟ ಬಡಿಸುವ ತೆಲುಗು. ಅದರಲ್ಲೇ ದೇವರ ರಾಜ್ಯದ ವಿಚಾರ ಹೇಳಿದ್ದೆ.

ನಗುವ ಸರದಿ ನನಗೂ ಬಂತು. ಅವರಿಗೆ ರಾಗಿ ಹೊಸದು. ಮುದ್ದೆಯನ್ನು ಬಾಯಲ್ಲಿಟ್ಟು ಅಗಿಯುತ್ತಲೇ ಇದ್ದರು. ಪಕ್ಕದ ಹೊಲದ ರೈತನೊಬ್ಬ ತಡೆಯಲಾರದೆ ಬಂದು ನಿಂತ.

"ಅಗೀಬ್ಯಾಡ ಕಣಯ್ಯೋ, ನುಂಗು! ಸಾ, ನೀವಾರ ಯೋಳಿ. ಇಂಗೆ ಅಗೀತಾ ಕುಂತ್ರೆ ಒತ್ತು ಮುಳುಗೋಯ್ತದೆ."

ನಾನು ಹೇಳಲಿಲ್ಲ. ಉಂಡು ತೋರಿಸಿದೆ. ಆ ವರ್ಷ ನಾನು ಸರಿಯಾಗಿ ಕಲಿಸಿದ ಮೊದಲ ಪಾಠ ಅದೇ ಇರಬೇಕು.

ಮೂರೂ ನೆಲೆಗಳಿಂದ ಪಾಠಕ್ಕೆ ಅಲ್ಲಿಗೇ ಬರುತ್ತಿದ್ದ ಮೂವರು ಶಿಷ್ಯರು. ಅರಕಲಗೂಡಿನವನೂ ಹೊಳೆನರಸೀಪುರದವನೂ ವಯಸ್ಸಿನ ಹುಡುಗರು, ಚುರುಕು. ದಂಡಿಗನಹಳ್ಳಿ ಕಡೆಯವರು ಆರಿಸಿದ್ದು ಐವತ್ತು ದಾಟಿದ ಒಬ್ಬ ಮನುಷ್ಯನನ್ನು. ಬಂದರಿನಲ್ಲಿ ಕೂಲಿಗಳ ಮೇಸ್ತ್ರಿಯಾಗಿದ್ದವನು, ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಓದು ನಿಧಾನ, ಆದರೆ ಒಮ್ಮೆ ಕೇಳಿದ್ದು ಮರೆಯುತ್ತಿರಲಿಲ್ಲ. ತೊಂದರೆ ಬೇರೆ ಇತ್ತು. ಪ್ರಾರ್ಥನೆ ನಡೆಸು ಎಂದರೆ ಅವನು ಎದ್ದು ಜನರ ಹಿಂದಕ್ಕೆ ಹೋಗಿ ಬಾಗಿಲ ಹತ್ತಿರ ನಿಂತುಬಿಡುತ್ತಿದ್ದ. ದನಿ ಹಿಂದಿನಿಂದ ಬರುತ್ತಿತ್ತು, ಮುಂದಿನ ಮೇಜು ಬಿಕೋ ಎನ್ನುತ್ತಿತ್ತು.

ಉಪದೇಶಿ ಮುಂದೆ ನಿಂತು, ಮೇಜಿನ ಕಡೆ ತಿರುಗಿ, ಕಣ್ಣು ಮುಚ್ಚಿ ಪ್ರಾರ್ಥಿಸುವುದು ನಮ್ಮ ಪದ್ಧತಿ. ಎಷ್ಟು ಹೇಳಿದರೂ ಅಷ್ಟೇ. ಒತ್ತಾಯ ಮಾಡಿ ಮುಂದೆ ನಿಲ್ಲಿಸಿದರೆ ಎರಡು ಮಾತಿಗೊಮ್ಮೆ ತಿರುಗಿ ನೋಡುತ್ತಿದ್ದ, ಆಮೇಲೆ ಬಾಯೇ ಕಟ್ಟುತ್ತಿತ್ತು. ಒಂದು ಶನಿವಾರ ನನಗೆ ಪಿತ್ತ ನೆತ್ತಿಗೇರಿತು. "ಹಿಂದೆ ಅವಿತುಕೊಳ್ಳುವವನು ಯಾವ ಸೀಮೆ ನಾಯಕ?" ಎಂದು ಎಲ್ಲರ ಎದುರಿಗೇ ಕೂಗಾಡಿದೆ. ಅಮ್ಮನ ಬೈಯುವ ತೆಲುಗು ಆಗ ಚೆನ್ನಾಗಿಯೇ ಒದಗಿ ಬಂತು.

ಅವನು ಸಿಟ್ಟಾಗಲಿಲ್ಲ. ಸಂಜೆ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತ. ಮೇಷ್ಟರನ್ನು ಅವರು ಪಂತುಲು ಎನ್ನುತ್ತಿದ್ದರು.

"ಪಂತುಲುಗಾರೂ, ಬರ್ಮಾದಿಂದ ಹೊರಟಾಗ ಮೊದಲ ಮೂರು ದಿನ ನಾನೇ ಮುಂದೆ ನಡೆದೆ. ಮೇಸ್ತ್ರಿ ಅಲ್ಲವಾ, ಮುಂದೆ ಇರಬೇಕು ಅಂತ. ಮೂರನೇ ದಿನ ಬೆಟ್ಟ ಹತ್ತಿ ತಿರುಗಿ ನೋಡಿದರೆ ನನ್ನ ತಮ್ಮ ಇಲ್ಲ. ಜ್ವರ ಇತ್ತು ಅವನಿಗೆ. ಎಲ್ಲಿ ಕೂತನೋ ಯಾರೂ ನೋಡಲಿಲ್ಲ. ವಾಪಸ್ಸು ಇಳಿದು ಹುಡುಕಿದೆ, ಸಿಗಲಿಲ್ಲ. ಅವತ್ತಿಂದ ನಾನು ಎಲ್ಲರಿಗಿಂತ ಹಿಂದೆ ನಡೆದೆ. ಆಮೇಲೆ ಒಬ್ಬರೂ ತಪ್ಪಿಹೋಗಲಿಲ್ಲ."

ನಾನು ಪೆಚ್ಚಾದೆ. ಅವನ ಕೈ ಹಿಡಿದುಕೊಂಡೆ. ಆದರೂ ಪರೀಕ್ಷೆ ಪರೀಕ್ಷೆಯೇ. "ಅಯ್ಯನವರು ಬರುವ ಅದೊಂದು ದಿನ ಮುಂದೆ ನಿಂತುಬಿಡು. ನಿನ್ನ ಜನಕ್ಕೋಸ್ಕರ" ಎಂದು ಬೇಡಿಕೊಂಡೆ. ಆಗಲಿ ಎಂದ.

ಹಿರಿಯ ಅಯ್ಯನವರು ಬಂದ ಭಾನುವಾರ ಆರಾಧನೆ ನಡೆಯುತ್ತಿದ್ದ ಶೆಡ್ಡಿಗೆ ಸುಣ್ಣ ಬಳಿದಿತ್ತು. ಅಯ್ಯನವರು ಹಿಂದುಗಡೆ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಅವರ ಪಕ್ಕ ನಿಂತೆ. ಇಬ್ಬರು ಹುಡುಗರು ವಾಕ್ಯ ಓದಿ, ಕೀರ್ತನೆ ಹಾಡಿಸಿ, ಚೆನ್ನಾಗಿಯೇ ನಡೆಸಿದರು. ಆಮೇಲೆ ಮೇಸ್ತ್ರಿ ಎದ್ದು ಮುಂದೆ ಹೋದ. ಮೇಜಿನ ಕಡೆ ತಿರುಗಿದ. ಒಂದು ಸಾಲು ಹೇಳಿದ, ಎರಡನೆಯದು ಅರ್ಧಕ್ಕೇ ನಿಂತಿತು. ಅವನ ಅಂಗಿಯ ಬೆನ್ನು ಬೆವರಿನಲ್ಲಿ ತೊಯ್ದು ಹೋಯಿತು. ಅಯ್ಯನವರು ನನ್ನ ಮುಖ ನೋಡಿದರು. ಮುಗಿಯಿತು, ಇನ್ನು ಕನ್ನಡದ ಉಪದೇಶಿಯೇ ಬರುವುದು ಅಂದುಕೊಂಡೆ.

ಆಗ ಮುಂದೆ ಚಾಪೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಎದ್ದಳು. ಮೇಸ್ತ್ರಿಯನ್ನು ದಾಟಿ ಹೋಗಿ ಮೇಜಿನ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಮಕ್ಕಳು. ಒಬ್ಬೊಬ್ಬರೇ ಎದ್ದು ಅವನ ಪಕ್ಕದಲ್ಲಿ ಹಾದು, ಮೇಜಿನ ಸುತ್ತ, ಗೋಡೆಗೆ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಭೆ ಅವನ ಮುಂದಿತ್ತು.

ಮೇಸ್ತ್ರಿ ತಿರುಗಿ ನೋಡಿದ. ಹಿಂದೆ ಉಳಿದವರು ಅಯ್ಯನವರು ಮತ್ತು ನಾನು. ಅವನು ಕೈ ಮುಗಿದು ನಮಗೂ ದಾರಿ ತೋರಿಸಿದ, ಮುಂದೆ ಬನ್ನಿ ಎಂದು. ನನಗೆ ನಾಚಿಕೆಯಾಯಿತು. ಅಯ್ಯನವರು ಎದ್ದು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಮಕ್ಕಳ ನಡುವೆ ಜಾಗ ಮಾಡಿಕೊಂಡರು. ನಾನೂ ಹೋದೆ.

ಅವನು ಕಣ್ಣು ಮುಚ್ಚದೆ ಪ್ರಾರ್ಥಿಸಿದ. ಜ್ವರದವರಿಗಾಗಿ, ಬಸುರಿಯರಿಗಾಗಿ, ಮೊಳಕೆ ಬರದ ಹೊಲಕ್ಕಾಗಿ, ಬೆಟ್ಟದಲ್ಲಿ ಉಳಿದವರಿಗಾಗಿ. ನಾನು ಕಲಿಸಿದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಕೊನೆಗೆ, ದಾರಿಯಲ್ಲಿ ದಿನಾ ಸಂಜೆ ಕೇಳುತ್ತಿದ್ದ ಹಾಗೆಯೇ ಇರಬೇಕು, "ಅಂದರೂ ವಚ್ಚಾರಾ?" ಎಂದ. ಎಲ್ಲರೂ ಬಂದಿರಾ ಎಂದು. ಜನ ಒಂದೇ ದನಿಯಲ್ಲಿ ಬಂದೆವು ಎಂದರು. ತೆಲುಗು ತಿಳಿಯದ ಅಯ್ಯನವರು ಅರ್ಥಕ್ಕಾಗಿ ನನ್ನ ಕಡೆ ಬಗ್ಗಿದರು. ಕಣ್ಣೊರೆಸಿಕೊಂಡು ಅವರ ಕಿವಿಯಲ್ಲಿ ಹೇಳಿದೆ.

ಆರಾಧನೆ ಮುಗಿದ ಮೇಲೆ ಅಯ್ಯನವರು ಹೊರಗೆ ಬಂದು, "ಮೂವರೂ ಆದರು. ಇವರ ಸಭೆ ಇವರ ಮಾತಿನಲ್ಲೇ ನಡೆಯಲಿ, ಕನ್ನಡದ ಉಪದೇಶಿ ಬೇಡ" ಎಂದರು. ನಾನು ಉಸಿರುಬಿಡುವಷ್ಟರಲ್ಲಿ, "ನೀವೂ ಇನ್ನು ಬರಬೇಕಾಗಿಲ್ಲ ಮೇಷ್ಟ್ರೇ" ಎಂದು ಸೇರಿಸಿದರು.

ಸಂತೋಷವಾಯಿತು ಎಂದು ಈಗ ಹೇಳಿಬಿಡಬಹುದು. ಅವತ್ತು ಹೊಟ್ಟೆ ಉರಿದದ್ದೂ ನಿಜ. ಮುಂದಿನ ತಿಂಗಳು ಯಾರೂ ಕರೆಯದೆಯೇ ಹೋಗಿ, ಕಲಿಸಲು ಏನೂ ಇಲ್ಲದೆ, ಮಕ್ಕಳ ನಡುವೆ ಚಾಪೆಯ ಮೇಲೆ ಕೂತೆ. ಮೇಸ್ತ್ರಿ ನನ್ನನ್ನೂ ಸೇರಿಸಿ ಎಣಿಸಿಕೊಂಡು ಪ್ರಾರ್ಥನೆ ಶುರುಮಾಡಿದ.