ಚೇರ್ಮನ್ ಇಲಿ ಹಿಡಿಯೋದು ಬಿಟ್ಟಾಗ

ಇಲಿಯೊಂದು ಚೇರ್ಮನ್ ಮೂಗಿನ ಮುಂದೆಯೇ ಹಾದು ಹೋಯಿತು. ಚೇರ್ಮನ್ ತಲೆ ಕೂಡ ಎತ್ತಲಿಲ್ಲ.

ಗಾಬರಿಯಾಗಬೇಡಿ, ಚೇರ್ಮನ್ ಅಂದರೆ ನಮ್ಮ ಬೆಕ್ಕು. ಎಂಬತ್ತರ ದಶಕ, ತುರುವೇಕೆರೆ ಪಕ್ಕದ ನಮ್ಮೂರು. ಕೊಬ್ಬರಿಯಾಗಲಿ ಅಂತ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿರುತ್ತಿದ್ದ ತೆಂಗಿನಕಾಯಿಗೆ ಇವನೇ ಕಾವಲು. ನಾನು ಸ್ಕೂಲಿಗೆ ಸೇರುವ ಮುಂಚಿನಿಂದಲೂ ಸರ್ವೀಸು.

ನಮ್ಮ ಕಡೆ ಒಂದು ರೂಲ್ಸು... ಬೆಕ್ಕಿಗೆ ಹೊಟ್ಟೆ ತುಂಬಾ ಹಾಕಬಾರದು, ಹಾಕಿದರೆ ಅಟ್ಟ ಹತ್ತಲ್ಲ. ಇವನು ಇಲಿ ಬಿಟ್ಟದ್ದೇ ತಡ, ಅಜ್ಜಿ ಸಂಜೆಯ ಹಾಲೂ ಕಟ್ ಮಾಡಿದಳು.

"ಕೊಬ್ಬು ಕಣೇ ಇದುಕ್ಕೆ. ಹಸೀಲಿ ಬುಡು, ತಾನಾಗೇ ಹತ್ತುತ್ತೆ" ಅಂದಳು ಅಮ್ಮನಿಗೆ.

ಹತ್ತಲಿಲ್ಲ. ಮೈ ಇಳಿದು ಬೆನ್ನುಮೂಳೆ ಎದ್ದಿತು. ದಿನವಿಡೀ ಮೈ ನೆಕ್ಕಿಕೊಂಡು ಶೋಕಿ ಮಾಡುತ್ತಿದ್ದವನ ಕೂದಲೆಲ್ಲ ಗಂಟುಗಂಟು.

ಬಾಯಿಂದ ಜೊಲ್ಲು. ಹತ್ತಿರ ಬಂದರೆ ಸತ್ತ ಹೆಗ್ಗಣದ ವಾಸನೆ. ಎಲ್ಲೋ ಹೆಗ್ಗಣ ತಿಂದು ಬಂದಿದ್ದಾನೆ ಅಂತ ಅಜ್ಜಿಗೆ ಖುಷಿ ಬೇರೆ!

ಒಂದು ಬೆಳಿಗ್ಗೆ ಅಮ್ಮ ಅಜ್ಜಿಯ ಕಣ್ಣು ತಪ್ಪಿಸಿ ಹಾಲನ್ನ ಇಟ್ಟಳು. ಚೇರ್ಮನ್ ಓಡಿ ಬಂದ. ಒಂದು ತುತ್ತು ಬಾಯಿಗೆ ಹಾಕಿದ, ಒಂದೇ ಕಡೆ ಅಗಿದ, ಉಗುಳಿದ. ಉಗುಳಿದ ಅನ್ನದಲ್ಲಿ ರಕ್ತ. ಆದರೂ ಬಟ್ಟಲು ಬಿಟ್ಟು ಏಳುತ್ತಿಲ್ಲ, ನೋಡುತ್ತಾ ಕೂತಿದ್ದಾನೆ...

ಅಮ್ಮ ಅಜ್ಜಿಯನ್ನೇ ಕೂಗಿದಳು. "ಇದುಕ್ಕೆ ಹಸಿವೈತೆ, ತಿನ್ನಕ್ಕಾಗ್ತಿಲ್ಲ ಕಣತ್ತೆ. ದವಡೆ ಊದೈತೆ ನೋಡಿ."

ಕಾಯಿ ಹೊರುವ ಕುಕ್ಕೆಯಲ್ಲಿ ಕೂರಿಸಿ ದನದ ಆಸ್ಪತ್ರೆಗೆ ಹೊತ್ತೆವು. ಹಸು ಹಿಡಿದು ನಿಂತಿದ್ದವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ.

ಬಾಯಿ ತೆಗೆಸಿ ನೋಡಿದರು. ನಾಲಿಗೆ ಕೆಳಗೆ ಗಡ್ಡೆ ಇದೆ, ವಯಸ್ಸಾದ ಬೆಕ್ಕು, ಕ್ಯಾನ್ಸರ್ ಇರಬಹುದು, ಇಲ್ಲಿ ಟೆಸ್ಟ್ ಮಾಡೋಕಾಗಲ್ಲ ಅಂದರು. ಸ್ವಲ್ಪ ಮುಂಚೆ ತರಬೇಕಿತ್ತು ಅಂತಲೂ ಅಂದರು.

ಅಜ್ಜಿ ಹೊರಗೆ ಹೋಗಿ ಬಾಯಲ್ಲಿದ್ದ ಹೊಗೆಸೊಪ್ಪು ಉಗುಳಿ ಬಂದಳು. "ಸೊಪ್ಪು ಅಗಿಯೋಳು ನಾನು ಕಣಪ್ಪ. ಗಡ್ಡೆ ಇದುಕ್ಕಾ?"

ಅವತ್ತಿಂದ ಹಸು ಕರೆದ ತಕ್ಷಣ ಚೇರ್ಮನ್‌ಗೆ ಅಜ್ಜಿಯ ಬೆರಳಿಂದ ನೊರೆಹಾಲು. ಅಟ್ಟದಲ್ಲಿ ಇಲಿಗಳ ದರ್ಬಾರು.

ಬೇರೆ ಬೆಕ್ಕು ತರೋಣ ಅಂದ ಅಪ್ಪನಿಗೆ ಅಜ್ಜಿಯಿಂದ ಸರಿಯಾಗಿ ಬಿತ್ತು. "ಇದು ಇರೋಗಂಟ ಇನ್ನೊಂದು ಹೊಸಲು ದಾಟಿದ್ರೆ ನೋಡ್ಲಾ!"

ಚೇರ್ಮನ್ ದೀಪಾವಳಿ ನೋಡಲಿಲ್ಲ. ಅಜ್ಜಿ ಅತ್ತಳು. ಹೇಳೋಕೆ ಬಾಯಿ ಇರಲಿಲ್ವಾ ನಿಂಗೆ ಅಂತ ಅವನನ್ನೇ ಬೈಯುತ್ತಾ ಅತ್ತಳು.

ನಿಮ್ಮನೆ ಮುದಿ ಬೆಕ್ಕು ಬಟ್ಟಲ ತನಕ ಬಂದು ತಿನ್ನದೆ ಕೂತರೆ, ಬೈಯೋ ಮುಂಚೆ ಒಂದ್ಸಲ ಅದರ ಬಾಯೊಳಗೆ ನೋಡ್ತೀರಾ?